ಗೊತ್ತಿರುವ ಕಥೆಗೆ ಮತ್ತೆ ಟಿಕೆಟ್ ಯಾಕೆ ತೆಗೆದುಕೊಳ್ಳುತ್ತೇವೆ?

ಕಾದಂಬರಿ ಓದಿದವರು ಅದರ ಸಿನಿಮಾ ನೋಡಿ ಹೊರಗೆ ಬಂದ ಕೂಡಲೇ ‘ಪುಸ್ತಕದಲ್ಲಿ ಇದ್ದ ಹಾಗಿಲ್ಲ’ ಅನ್ನುತ್ತಾರೆ. ಎರಡನೇ ಭಾಗ ನೋಡಿದವರು ‘ಮೊದಲನೆಯದೇ ಚೆನ್ನಾಗಿತ್ತು’ ಅನ್ನುತ್ತಾರೆ. ದೆವ್ವದ ಸಿನಿಮಾ ಅಥವಾ ಪತ್ತೇದಾರಿ ಸಿನಿಮಾ ನೋಡಿದವರು ‘ಮುಂದೇನಾಗುತ್ತೆ ಅಂತ ಅರ್ಧದಲ್ಲೇ ಗೊತ್ತಾಯ್ತು’ ಅನ್ನುತ್ತಾರೆ. ಈ ದೂರುಗಳ ಬೇರು ಒಂದೇ. ಈ ಸಿನಿಮಾಗಳಿಗೆ ಪ್ರೇಕ್ಷಕ ಖಾಲಿ ತಲೆಯಲ್ಲಿ ಬರುವುದಿಲ್ಲ. ಪುಸ್ತಕ ಓದಿರುತ್ತಾನೆ, ಮೊದಲ ಭಾಗ ನೋಡಿರುತ್ತಾನೆ, ಇಲ್ಲವೇ ಇದೇ ಜಾತಿಯ ಐವತ್ತು ಸಿನಿಮಾ ನೋಡಿ ಅದರ ನಡೆ ಬಲ್ಲವನಾಗಿರುತ್ತಾನೆ. ಹಾಗೆ ಬಂದವನ ತಲೆಯಲ್ಲಿ ಏನಿದೆ ಎಂದು ಸಿನಿಮಾ ಮಾಡಿದವರು ಲೆಕ್ಕ ಹಾಕಿದ್ದಾರೋ ಇಲ್ಲವೋ ಎನ್ನುವುದೇ ನನ್ನ ಪ್ರಕಾರ ಇಂಥ ಚಿತ್ರಗಳನ್ನು ಅಳೆಯುವ ಸರಿಯಾದ ಕೋಲು. ಮೂಲಕ್ಕೆ ನಿಷ್ಠೆ, ಹೊಸತನ ಇವೆಲ್ಲ ಆಮೇಲಿನ ಮಾತು.

ಒಂದು ಎಚ್ಚರಿಕೆ. ಉದಾಹರಣೆ ಕೊಡುವಾಗ ಕೆಲವು ಚಿತ್ರಗಳ ಕೊನೆಯನ್ನೂ ಹೇಳಬೇಕಾಗುತ್ತದೆ. ಅದನ್ನು ಮುಚ್ಚಿಟ್ಟು ಕಥೆಯ ಕಟ್ಟಡ ವಿವರಿಸುವುದು ಸಾಧ್ಯವಿಲ್ಲ.

ಮೊದಲು ಕಾದಂಬರಿಯ ವಿಷಯ, ಅದರಲ್ಲೂ ಮೊದಲು ಲೆಕ್ಕ. 300 ಪುಟದ ಕಾದಂಬರಿಯನ್ನು ಗಟ್ಟಿಯಾಗಿ ಓದಿದರೆ ಎಂಟರಿಂದ ಹತ್ತು ಗಂಟೆ ಬೇಕು. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎನ್ನುವುದು ಬರೆಯುವವರು ಇಟ್ಟುಕೊಂಡಿರುವ ಅಂದಾಜು. ಎರಡು ಗಂಟೆ ಹತ್ತು ನಿಮಿಷದ ಸಿನಿಮಾಕ್ಕೆ 130 ಪುಟ, ಅದೂ ಅರ್ಧ ಖಾಲಿ ಇರುವ ಪುಟ. ದೃಶ್ಯಗಳು ಐವತ್ತರಿಂದ ಎಪ್ಪತ್ತು. ಅಂದರೆ ಕಾದಂಬರಿಯ ಮುಕ್ಕಾಲು ಭಾಗ ಹೋಗಲೇಬೇಕು. ಯಾವುದು ಹೋಯಿತು ಎಂದು ಪಟ್ಟಿ ಮಾಡಿ ಕೊರಗುವುದರಲ್ಲಿ ಅರ್ಥವಿಲ್ಲ. ಉಳಿದ ಕಾಲು ಭಾಗ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆಯೇ ಎಂದು ನೋಡಬೇಕು.

ಏನನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದರೆ ಏನಾಗುತ್ತದೆ ಎನ್ನುವುದಕ್ಕೆ ಮೂಕಿ ಚಿತ್ರಗಳ ಕಾಲದಲ್ಲೇ ಸಾಕ್ಷಿ ಇದೆ. ನಿರ್ದೇಶಕ ಎರಿಕ್ ಫಾನ್ ಸ್ಟ್ರೋಹೈಮ್ 1924ರ ‘ಗ್ರೀಡ್’ ಚಿತ್ರಕ್ಕೆ ಫ್ರ್ಯಾಂಕ್ ನಾರಿಸ್ ಬರೆದ ‘ಮ್ಯಾಕ್‌ಟೀಗ್’ ಕಾದಂಬರಿಯನ್ನು ಹೆಚ್ಚುಕಮ್ಮಿ ಇದ್ದದ್ದು ಇದ್ದ ಹಾಗೆಯೇ ಚಿತ್ರಿಸಿದ. ಮೊದಲ ಪ್ರತಿ ಎಂಟು ಗಂಟೆಗೂ ಮೀರಿತ್ತು. ಸ್ಟುಡಿಯೊ ಅದನ್ನು ಎರಡು ಗಂಟೆ ಚಿಲ್ಲರೆಗೆ ಇಳಿಸಿತು, ಕತ್ತರಿಸಿದ ಭಾಗ ಮತ್ತೆ ಸಿಗಲೇ ಇಲ್ಲ. ಉಳಿದ ತುಂಡೇ ಇವತ್ತಿಗೂ ದೊಡ್ಡ ಚಿತ್ರ, ಅದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ಏನಿರಬೇಕು ಎಂದು ಕೊನೆಗೆ ತೀರ್ಮಾನಿಸಿದವರು ನಿರ್ದೇಶಕರಲ್ಲ. ಕತ್ತರಿ ಬೀಳುವುದು ಖಚಿತವಾಗಿರುವಾಗ ಅದು ಬರೆಯುವವನ ಕೈಯಲ್ಲೇ ಇರುವುದು ಮೇಲು.

ಒಳ್ಳೆಯ ಕತ್ತರಿ ಹೇಗೆ ಕೆಲಸ ಮಾಡುತ್ತದೆ ಎಂದು ತೀರ ಹತ್ತಿರದಿಂದ ನೋಡೋಣ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪುಸ್ತಕದಲ್ಲಿ ಬಿಲ್ಬೊನ ಹುಟ್ಟುಹಬ್ಬ ಮುಗಿದು ಅವನ ಮಾಯಾ ಉಂಗುರ ಬಂಧು ಫ್ರೋಡೊನ ಕೈಗೆ ಬಂದಮೇಲೆ, ಮಾಂತ್ರಿಕ ಗ್ಯಾಂಡಾಲ್ಫ್ ಅದರ ಗುಟ್ಟು ಬಿಚ್ಚುವ ಹೊತ್ತಿಗೆ 17 ವರ್ಷ ಕಳೆದಿರುತ್ತದೆ. ಉಂಗುರದ ಇತಿಹಾಸ ಬರುವುದು ಎರಡನೇ ಅಧ್ಯಾಯದಲ್ಲಿ, ಒಲೆಯ ಮುಂದೆ ಕೂತು ಆಡುವ ದೀರ್ಘ ಮಾತುಕತೆಯಾಗಿ. ಓದುವಾಗ ಇದು ಸೊಗಸು. ಊರಿನ ನಿಧಾನ ನಮ್ಮ ಮೈಗೂ ಹತ್ತುತ್ತದೆ. 2001ರ ಸಿನಿಮಾ ಆ 17 ವರ್ಷಗಳ ಅಂತರವನ್ನು ಪ್ರೇಕ್ಷಕನಿಗೆ ಅನ್ನಿಸದ ಹಾಗೆ ಕುಗ್ಗಿಸಿತು, ಇತಿಹಾಸವನ್ನು ಎತ್ತಿ ಎಲ್ಲಕ್ಕಿಂತ ಮೊದಲು, ಯುದ್ಧದ ದೃಶ್ಯವಾಗಿ ಇಟ್ಟಿತು. ಈ ಒಂದು ಬದಲಾವಣೆಯಿಂದ ಹುಟ್ಟುಹಬ್ಬದ ಇಡೀ ಸಂಭ್ರಮದ ಬಣ್ಣವೇ ಬೇರೆಯಾಯಿತು. ಬಿಲ್ಬೊನ ಜೇಬಿನಲ್ಲಿ ಇರುವುದೇನು ಎಂದು ಊರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಪುಸ್ತಕ ಓದದವನಿಗೂ ಓದಿದವನಿಗೂ ಆ ಕ್ಷಣದಲ್ಲಿ ಗೊತ್ತಿರುವುದು ಒಂದೇ. ಪುಸ್ತಕದಲ್ಲಿರುವ ಟಾಮ್ ಬಾಂಬಡಿಲ್ ಎಂಬ ಪಾತ್ರವನ್ನು ಪೂರ್ತಿ ಬಿಟ್ಟದ್ದಕ್ಕೂ ಇದೇ ತರ್ಕ ಹೊಂದುತ್ತದೆ. ಉಂಗುರದ ಮಾಯೆ ಅವನನ್ನು ತಾಗುವುದೇ ಇಲ್ಲ. ಅದರ ಭಯವನ್ನು ಅರ್ಧ ಗಂಟೆ ಕಷ್ಟಪಟ್ಟು ಕಟ್ಟಿದಮೇಲೆ ಅದು ಏನೂ ಮಾಡಲಾಗದ ಒಬ್ಬನನ್ನು ಹಾಡು ಹೇಳಿಸಿ ಕರೆತಂದರೆ, ಕಟ್ಟಿದ ಭಯ ಅಷ್ಟೂ ಸೋರಿಹೋಗುತ್ತಿತ್ತು. ಪುಸ್ತಕಕ್ಕೆ ಆ ಸೋರಿಕೆ ತಡೆದುಕೊಳ್ಳುವ ಅಗಲ ಇದೆ, ಸಿನಿಮಾಕ್ಕೆ ಇಲ್ಲ.

ಅದೇ ತಂಡ ಮುಂದೆ ‘ದಿ ಹಾಬಿಟ್’ ಎಂಬ ಒಂದೇ ಪುಸ್ತಕವನ್ನು 2012ರಿಂದ 2014ರವರೆಗೆ ಮೂರು ಚಿತ್ರ ಮಾಡಿತು. ಒಟ್ಟು ಸುಮಾರು ಎಂಟು ಗಂಟೆ. ಈಗ ಲೆಕ್ಕ ತಿರುಗಿತು. ಕತ್ತರಿಸುವ ಬದಲು ಸೇರಿಸಬೇಕಾಯಿತು. ಆ ಪುಸ್ತಕದಲ್ಲಿ ಇಲ್ಲದ ಲೆಗೊಲಾಸ್ ಬಂದ, ಯಾವ ಪುಸ್ತಕದಲ್ಲೂ ಇಲ್ಲದ ಟಾರಿಯೆಲ್ ಬಂದಳು, ಅವಳಿಗೊಂದು ಪ್ರೇಮ ಬಂತು. ಮಕ್ಕಳಿಗೆ ಹೇಳಿದ, ಹೋಗಿ ಬಂದ ಪ್ರಯಾಣದ ಕಥೆಯ ಮೇಲೆ ಮಹಾಯುದ್ಧದ ಭಾರ ಬಿತ್ತು. ಇಲ್ಲಿ ನಿಷ್ಠೆ ಕಡಿಮೆಯಾಯಿತು ಎನ್ನುವುದಕ್ಕಿಂತ ಅಳತೆ ತಪ್ಪಿತು ಎನ್ನುವುದು ಸರಿ.

ನಮ್ಮಲ್ಲಿ ಕಷ್ಟದ ಲೆಕ್ಕವನ್ನು ಮುಖಾಮುಖಿ ಎದುರಿಸಿದ್ದು ಪುಟ್ಟಣ್ಣ ಕಣಗಾಲ್. 1972ರ ‘ನಾಗರಹಾವು’ ಒಂದು ಕಾದಂಬರಿಯಲ್ಲ, ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರನ್ನೂ ಸೇರಿಸಿ ಮಾಡಿದ ಒಂದು ಚಿತ್ರ. ಮೂರು ಪುಸ್ತಕಗಳ ಘಟನೆಗಳನ್ನು ಸಾಲಾಗಿ ಪೋಣಿಸಿದ್ದರೆ ರಾಮಾಚಾರಿ, ಅಲಮೇಲು, ಮಾರ್ಗರೆಟ್ ಬೇರೆ ಬೇರೆ ಚಿತ್ರಗಳ ಪಾತ್ರಗಳ ಹಾಗೆ ಬಂದು ಹೋಗುತ್ತಿದ್ದರು. ಚಿತ್ರ ಮಾಡಿದ್ದೇನೆಂದರೆ ಚಾಮಯ್ಯ ಮೇಷ್ಟ್ರನ್ನು ದಾರವಾಗಿ ಹಿಡಿದದ್ದು. ಅಲಮೇಲುವನ್ನು ಬಿಟ್ಟುಕೊಡು ಎಂದು ಒಪ್ಪಿಸುವವರೂ ಮೇಷ್ಟ್ರೇ, ಕೊನೆಗೆ ಬೆಟ್ಟದ ಮೇಲೆ ಮಾರ್ಗರೆಟ್ ಜೊತೆ ನಿಂತವನನ್ನು ತಡೆಯಲು ಬರುವವರೂ ಮೇಷ್ಟ್ರೇ. ಎರಡು ಪ್ರೇಮಗಳ ಹೊಸ್ತಿಲಲ್ಲೂ ಅದೇ ಒಬ್ಬ ಮನುಷ್ಯ. ಅವರು ಬಿದ್ದ ಮೇಲೆ ರಾಮಾಚಾರಿಯ ಕಥೆಗೆ ಮುಂದೆ ದಾರಿಯೇ ಇಲ್ಲ, ಚಿತ್ರವೂ ಅಲ್ಲೇ ಮುಗಿಯುತ್ತದೆ. ಮೂಲವನ್ನು ಪ್ರೀತಿಸುವವರು ಒಪ್ಪದೇ ಇರಬಹುದು, ಆ ತಕರಾರಿಗೆ ಜಾಗವಿದೆ. ಆದರೆ ದೊಡ್ಡ ಕಾದಂಬರಿಯನ್ನು ಕೈಗೆತ್ತಿಕೊಳ್ಳುವವರು ಕಲಿಯಬೇಕಾದ ಮೊದಲ ಪಾಠ ಇದೇ: ಒಂದು ಸಂಬಂಧ ಆರಿಸಿಕೊಂಡು, ಅದಕ್ಕೆ ತಗುಲಿಕೊಳ್ಳುವ ಘಟನೆಗಳನ್ನು ಮಾತ್ರ ಉಳಿಸಿಕೊಳ್ಳುವುದು.

‘ಜಾಸ್’ ಕೂಡ ಹೀಗೆಯೇ. ಪೀಟರ್ ಬೆಂಚ್ಲಿಯ 1974ರ ಕಾದಂಬರಿಯಲ್ಲಿ ಪೊಲೀಸ್ ಅಧಿಕಾರಿಯ ಹೆಂಡತಿಗೂ ಮೀನುತಜ್ಞನಿಗೂ ಸಂಬಂಧ ಇರುತ್ತದೆ, ಊರಿನ ಮೇಯರ್ ಮಾಫಿಯಾದ ಹಿಡಿತದಲ್ಲಿರುತ್ತಾನೆ. ಮರುವರ್ಷದ ಚಿತ್ರದಲ್ಲಿ ಎರಡೂ ಇಲ್ಲ. ಕೊನೆಯ ಭಾಗದಲ್ಲಿ ಮೂವರು ಗಂಡಸರು ಒಂದೇ ದೋಣಿಯಲ್ಲಿ ಇರುತ್ತಾರೆ. ಹೆಂಡತಿಯ ವಿಷಯ ಉಳಿದಿದ್ದರೆ ನಮ್ಮ ಗಮನ ಅವರಿಬ್ಬರ ಜಗಳದ ಕಡೆ ಇರುತ್ತಿತ್ತು, ನೀರಿನ ಕಡೆ ಇರುತ್ತಿರಲಿಲ್ಲ.

ಇಷ್ಟೆಲ್ಲ ಕತ್ತರಿಸುವ ಗೋಜು ಬೇಡವೆನ್ನುವವರಿಗೆ ಸಣ್ಣಕಥೆ ಇದೆ. ಸಿನಿಮಾದ ಸಹಜ ಅಳತೆ ಸಣ್ಣಕಥೆ ಅಥವಾ ನೀಳ್ಗತೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಗೆ ಮೂಲ ಪೂರ್ಣಚಂದ್ರ ತೇಜಸ್ವಿಯವರ ಕಥೆ. ಅಲ್ಲಿ ಓಡುವುದು ಎರಡು ಗಡಿಯಾರಗಳು. ಒಂದು ತಬರನ ಪಿಂಚಣಿ ಕಾಗದದ್ದು, ಇನ್ನೊಂದು ಅವನ ಹೆಂಡತಿಯ ಕಾಲಿನ ಹುಣ್ಣಿನದ್ದು. ಮೊದಲನೆಯದು ಮೇಜಿನಿಂದ ಮೇಜಿಗೆ ಹೋಗುತ್ತದೆ, ಮುಂದೆ ಸಾಗುವುದಿಲ್ಲ. ಎರಡನೆಯದು ಯಾರಿಗೂ ಕಾಯುವುದಿಲ್ಲ. ಹಾಗಾಗಿ ತಬರನ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಅವನು ಮತ್ತೆ ಅದೇ ಕಚೇರಿಗೆ ಬಂದು ನಿಂತರೆ ಸಾಕು, ನಾವೇ ಮನೆಯಲ್ಲಿರುವ ಕಾಲನ್ನು ನೆನೆಯುತ್ತೇವೆ. ಇದಕ್ಕೆ ಎದುರಾಗಿ, ಕಾದಂಬರಿಯ ಸ್ವಗತವನ್ನು ಹಿನ್ನೆಲೆ ದನಿಯಲ್ಲಿ ಓದಿಸುವ ಚಿತ್ರಗಳನ್ನು ನೋಡಿ. ದನಿ ‘ಅವನಿಗೆ ಬೇಸರವಾಗಿತ್ತು’ ಅನ್ನುತ್ತದೆ, ತೆರೆಯ ಮೇಲೆ ಬೇಸರದ ಮುಖ. ಒಂದೇ ಸುದ್ದಿ ಎರಡು ಸಲ. ಹಿನ್ನೆಲೆ ದನಿಗೆ ಕೆಲಸವಿರುವುದು ಚಿತ್ರ ತೋರಿಸುವುದಕ್ಕೂ ದನಿ ಹೇಳುವುದಕ್ಕೂ ಹೊಂದಿಕೆ ಇಲ್ಲದಿರುವಾಗ ಮಾತ್ರ.

ಸಣ್ಣಕಥೆಯ ತೊಂದರೆ ಎಂದರೆ ಕೆಲವೊಮ್ಮೆ ಅದು ಸಾಲದು. ಜಪಾನಿನ ನಿರ್ದೇಶಕ ಕುರೊಸಾವಾ 1950ರ ‘ರಾಶೋಮನ್’ಗೆ ಲೇಖಕ ಅಕುತಗಾವಾನ ಎರಡು ಕಥೆ ಬೆಸೆದರು. ಕೊಲೆಯ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುವ ಕಥೆ 1922ರದ್ದು. ಮಳೆ, ಪಾಳುಬಿದ್ದ ಹೆಬ್ಬಾಗಿಲು, ಹೆಸರು ಇವು 1915ರ ಬೇರೊಂದು ಕಥೆಯವು. ಮೂಲದಲ್ಲಿ ಸತ್ತವನ ಹೇಳಿಕೆಯೇ ಕೊನೆ, ಓದುಗನನ್ನು ಅಲ್ಲೇ ಬಿಟ್ಟು ಕಥೆ ಮುಗಿಯುತ್ತದೆ. ಚಿತ್ರ ಮರ ಕಡಿಯುವವನ ಇನ್ನೊಂದು ಹೇಳಿಕೆ ಸೇರಿಸಿತು, ಒಂದು ಕೂಸನ್ನೂ ಸೇರಿಸಿತು. ಹೀಗೆ ಸೇರಿಸಿದ್ದು ‘ಹಾಬಿಟ್’ನಲ್ಲಿ ಸೇರಿಸಿದಂಥದ್ದಲ್ಲ. ಮೊದಲಿನಿಂದ ಬರೀ ನೋಡಿದವನಾಗಿದ್ದ ಮನುಷ್ಯನನ್ನು ಅದು ಸುಳ್ಳು ಹೇಳಿದವರ ಸಾಲಿಗೆ ತಂದಿತು. ಕಥೆಯ ಪ್ರಶ್ನೆಯನ್ನೇ ಇನ್ನೊಂದು ಸುತ್ತು ಬಿಗಿ ಮಾಡುವ ಸೇರ್ಪಡೆ ಅದು.

ನೀವೇ ಮಾಡಿ ನೋಡಬಹುದಾದ ಒಂದು ಅಭ್ಯಾಸವಿದೆ. ಓದಿದ ಕಾದಂಬರಿಯ ಸಿನಿಮಾ ನೋಡುವ ಮೊದಲು ಒಂದು ಹಾಳೆಯಲ್ಲಿ ಯಾರಿಗೆ ಏನು ಬೇಕು ಎಂದು ಒಂದು ಸಾಲು ಬರೆಯಿರಿ. ಕೆಳಗೆ ಕಣ್ಣಿಗೆ ಕಾಣುವ ಘಟನೆಗಳನ್ನು ಮಾತ್ರ, ಹದಿನೈದು ಮೀರದಂತೆ ಬರೆಯಿರಿ. ‘ಅವಳು ಬದಲಾದಳು’ ಎಂಬುದು ಘಟನೆಯಲ್ಲ, ‘ಅವಳು ಕಾಗದ ಹರಿದಳು’ ಘಟನೆ. ಪಕ್ಕದಲ್ಲಿ, ಭಾಷೆಯಿಂದ ಮಾತ್ರ ಆಗುವ ಸಂಗತಿಗಳನ್ನು ಬರೆಯಿರಿ, ಉದಾಹರಣೆಗೆ ಲೇಖಕರ ಹಾಸ್ಯ ಅಥವಾ ವಾಕ್ಯದ ಲಯ. ಸಿನಿಮಾ ನೋಡಿ ಬಂದಮೇಲೆ ಎರಡನೇ ಪಟ್ಟಿಗೆ ಬದಲಾಗಿ ಏನು ಬಂತು ಎಂದು ಹುಡುಕಿ. ಏನೂ ಬಂದಿಲ್ಲವಾದರೆ ನೀವು ನೋಡಿದ್ದು ಕಾದಂಬರಿಯ ಸಾರಾಂಶ.

ರೀಮೇಕ್ ಕೂಡ ರೂಪಾಂತರವೇ. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ 2004ರಲ್ಲಿ ಕನ್ನಡದ ‘ಆಪ್ತಮಿತ್ರ’ವಾಯಿತು, ಮರುವರ್ಷ ತಮಿಳಿನ ‘ಚಂದ್ರಮುಖಿ’, 2007ರಲ್ಲಿ ಹಿಂದಿಯ ‘ಭೂಲ್ ಭುಲೈಯಾ’. ದೆವ್ವವಿದೆ ಎಂದು ಎಲ್ಲರೂ ಹೆದರುವ ಒಂದು ಹಳೆಯ ಮನೆಯ ಕಥೆ ಇದು. ಮೂಲದಲ್ಲಿ ಮನೋವೈದ್ಯ ಬರುವುದು ಬಹಳ ಹೊತ್ತು ಕಳೆದಮೇಲೆ. ಅಷ್ಟರವರೆಗೂ ಆ ಮನೆಯಲ್ಲಿ ಧೈರ್ಯ ಹೇಳುವವರು ಯಾರೂ ಇಲ್ಲ. ‘ಚಂದ್ರಮುಖಿ’ಯಲ್ಲಿ ರಜನಿಕಾಂತ್ ಮೊದಲಿಗೇ ಬರಬೇಕು, ಬರುತ್ತಾರೆ ಕೂಡ. ದೊಡ್ಡ ನಾಯಕ ಮನೆಯೊಳಗೆ ಕಾಲಿಟ್ಟ ಮೇಲೆ ಭಯಕ್ಕೆ ಜಾಗ ಕಡಿಮೆ, ಅವನು ಗೆಲ್ಲುತ್ತಾನೆಂದು ಎಲ್ಲರಿಗೂ ಗೊತ್ತು. ಆ ಕೊರತೆ ತುಂಬಲು ಹಾಡು, ಹಾಸ್ಯ, ಹಾವು ಬರುತ್ತವೆ. ಹಾವಿನ ಬಗ್ಗೆ ನನಗೆ ನಿಜವಾದ ತಕರಾರಿದೆ. ‘ಇದು ದೆವ್ವವಲ್ಲ, ಕಾಯಿಲೆ’ ಎಂದು ತೋರಿಸಿಕೊಡುವುದೇ ಆ ಕಥೆಯ ಶಕ್ತಿ. ವಿವರಣೆಗೆ ಸಿಗದ ದೊಡ್ಡ ಹಾವನ್ನು ಬಿಟ್ಟರೆ ವೈದ್ಯನ ಮಾತಿನ ಬಲವನ್ನು ಚಿತ್ರವೇ ತೆಗೆದಂತಾಗುತ್ತದೆ. ‘ಆಪ್ತಮಿತ್ರ’ದ ಮುಂದಿನ ಭಾಗವಾದ 2010ರ ‘ಆಪ್ತರಕ್ಷಕ’ ಆ ಹಾವಿನ ದಾರಿಯಲ್ಲೇ ಮುಂದೆ ಹೋಯಿತು. ಮೊದಲ ಚಿತ್ರದಲ್ಲಿ ಹಳೆಯ ಕಥೆಯಾಗಿದ್ದ ರಾಜ ವಿಜಯ ರಾಜೇಂದ್ರ ಬಹದ್ದೂರ್ ಇಲ್ಲಿ ಇನ್ನೂ ಬದುಕಿರುತ್ತಾನೆ. ವಿಷ್ಣುವರ್ಧನ್ ಆ ಪಾತ್ರವನ್ನು ಎತ್ತಿ ನಿಲ್ಲಿಸಿದ್ದು ಬೇರೆ ಮಾತು, ಅದಕ್ಕಾಗಿ ಮತ್ತೆ ಮತ್ತೆ ನೋಡಬಹುದು. ಆದರೆ ಮೊದಲ ಚಿತ್ರದ ನಾಯಕಿ ಗಂಗಾಳಿಗೆ ಇದ್ದದ್ದು ಕಾಯಿಲೆ ಎಂದು ನಂಬಿಸಿದ ಕಥೆ ಈಗ ನಾಗವಲ್ಲಿಯ ದೆವ್ವ ನಿಜ ಎನ್ನುತ್ತದೆ. ಹಿಂದಿನ ಭಾಗ ಕಷ್ಟಪಟ್ಟು ಗಳಿಸಿದ್ದನ್ನು ಮುಂದಿನ ಭಾಗ ಖರ್ಚು ಮಾಡಿಬಿಟ್ಟಿತು.

ಎರಡನೇ ಭಾಗಗಳು ಸೋಲುವ ಬಗೆ ಬಹುತೇಕ ಇದೇ. ಒಳ್ಳೆಯ ಮೊದಲ ಭಾಗದ ಕೊನೆಗೆ ನಾಯಕ ಏನೋ ಕಲಿತಿರುತ್ತಾನೆ, ಏನೋ ಪಡೆದಿರುತ್ತಾನೆ. ಅದೇ ಮನುಷ್ಯ ಮತ್ತೆ ಅದೇ ಪಾಠ ಕಲಿಯಬೇಕಾದರೆ ಮೊದಲು ಅದನ್ನು ಮರೆಯಬೇಕು. ಅದಕ್ಕೇ ಮದುವೆಯಾದವರು ಎರಡನೇ ಭಾಗದ ಮೊದಲ ಹತ್ತು ನಿಮಿಷದಲ್ಲಿ ಬೇರೆಯಾಗಿರುತ್ತಾರೆ, ಕುಡಿತ ಬಿಟ್ಟವನು ಮತ್ತೆ ಹಿಡಿದಿರುತ್ತಾನೆ, ಸತ್ತ ಖಳನಿಗೆ ತಮ್ಮನೊಬ್ಬ ಹುಟ್ಟಿರುತ್ತಾನೆ. ‘ಏಲಿಯನ್’ ಸರಣಿಯಲ್ಲಿ ಗೆಲ್ಲುವ, ಸೋಲುವ ಎರಡೂ ಬಗೆ ಪಕ್ಕಪಕ್ಕದಲ್ಲಿವೆ. 1979ರ ಚಿತ್ರ ಒಂದೇ ಜೀವಿ, ಕತ್ತಲ ಬಾಹ್ಯಾಕಾಶ ಹಡಗು, ಅಡಗುವ ಜನ. ನಿಜಕ್ಕೂ ಅದು ದೆವ್ವದ ಮನೆಯ ಕಥೆ. 1986ರಲ್ಲಿ ಆ ಜೀವಿ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು, ಅದನ್ನೇ ಮತ್ತೆ ಅಡಗಿಸಿ ಹೆದರಿಸುವುದು ಆಗದ ಮಾತು. ಹಾಗಾಗಿ ‘ಏಲಿಯನ್ಸ್’ ಜಾತಿಯನ್ನೇ ಬದಲಿಸಿ ಯುದ್ಧದ ಚಿತ್ರವಾಯಿತು. ಮೊದಲ ಚಿತ್ರದಲ್ಲಿ ಬದುಕುಳಿದ ರಿಪ್ಲಿ 57 ವರ್ಷ ನಿದ್ದೆಯಲ್ಲಿ ಕಳೆದು ಎದ್ದು ಬರುತ್ತಾಳೆ, ಅವಳ ಮಾತನ್ನು ಯಾರೂ ನಂಬುವುದಿಲ್ಲ. ಸೈನಿಕರ ಜಂಬ ನೋಡುವಾಗ ಅವಳಿಗೂ ನಮಗೂ ಮಾತ್ರ ಸತ್ಯ ಗೊತ್ತಿರುತ್ತದೆ. ಮೊದಲ ಭಾಗ ನೋಡಿದ್ದಕ್ಕೆ ಪ್ರೇಕ್ಷಕನಿಗೆ ಸಿಕ್ಕ ಬಡ್ಡಿ ಅದು. ಈ ಚಿತ್ರದ 137 ನಿಮಿಷದ ಪ್ರತಿಯನ್ನೂ ನಂತರ ಬಂದ 154 ನಿಮಿಷದ ಪ್ರತಿಯನ್ನೂ ಹೋಲಿಸಿ ನೋಡುವುದು ಒಳ್ಳೆಯ ಪಾಠ. ದೀರ್ಘ ಪ್ರತಿಯಲ್ಲಿ ರಿಪ್ಲಿಗೆ ಮಗಳಿದ್ದಳು, ತಾಯಿ ನಿದ್ದೆಯಲ್ಲಿರುವಾಗಲೇ ಮುದುಕಿಯಾಗಿ ತೀರಿಕೊಂಡಳು ಎಂದು ತಿಳಿಯುತ್ತದೆ. ಆಮೇಲೆ ಸಿಗುವ ಪುಟ್ಟ ಹುಡುಗಿ ನ್ಯೂಟ್‌ಗಾಗಿ ಅವಳು ಜೀವ ಪಣಕ್ಕಿಡುವುದರ ತೂಕ ಹೆಚ್ಚುತ್ತದೆ. 1992ರ ಮೂರನೇ ಚಿತ್ರ ಶುರುವಾಗುವುದೇ ಆ ಹುಡುಗಿಯ ಸಾವಿನಿಂದ. ಎರಡೂಕಾಲು ಗಂಟೆ ಯಾರಿಗಾಗಿ ಉಸಿರು ಹಿಡಿದು ಕೂತಿದ್ದೆವೋ ಅವಳು ಶೀರ್ಷಿಕೆ ಮುಗಿಯುವಷ್ಟರಲ್ಲಿ ಇಲ್ಲ. ಆ ಚಿತ್ರದಲ್ಲಿ ಬೇರೆ ಒಳ್ಳೆಯ ಗುಣಗಳಿವೆ, ಆದರೆ ಈ ಏಟಿನಿಂದ ಚೇತರಿಸಿಕೊಂಡು ಅವನ್ನು ನೋಡುವುದು ಕಷ್ಟ.

ಎರಡನೇ ಭಾಗ ಹೇಗಿರಬೇಕು ಎನ್ನುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಜೀತು ಜೋಸೆಫ್ ಅವರ ‘ದೃಶ್ಯಂ 2’. 2013ರ ಮೊದಲ ಚಿತ್ರ ಕನ್ನಡದಲ್ಲಿ ಮರುವರ್ಷ ‘ದೃಶ್ಯ’ವಾಗಿ ಬಂತು. ಕೊಲೆ ಯಾರಿಂದ ಆಯಿತು, ಯಾಕಾಯಿತು ಎಂದು ಅದರಲ್ಲಿ ನಮಗೆ ಮೊದಲೇ ಗೊತ್ತು. ಮುಚ್ಚಿಟ್ಟಿರುವುದು ಹೆಣ ಎಲ್ಲಿದೆ ಎನ್ನುವುದೊಂದನ್ನೇ. ಕೊನೆಗೆ ಗೊತ್ತಾಗುತ್ತದೆ, ಕಟ್ಟುತ್ತಿರುವ ಹೊಸ ಪೊಲೀಸ್ ಠಾಣೆಯ ನೆಲದ ಕೆಳಗೆ. ಇಷ್ಟು ಪೂರ್ತಿ ಮುಚ್ಚಿದ ಕಥೆಗೆ ಇನ್ನೊಂದು ಭಾಗ ಎಲ್ಲಿಂದ ಬರಬೇಕು? 2021ರ ಚಿತ್ರ ಹೊಸ ಕೊಲೆ ಮಾಡಲಿಲ್ಲ, ಹೊಸ ಖಳನನ್ನು ಹುಟ್ಟಿಸಲಿಲ್ಲ. ಮೊದಲ ಚಿತ್ರದ ಅದೇ ರಾತ್ರಿಗೆ ಹಿಂದಿರುಗಿ, ಬೇರೊಂದು ಅಪರಾಧ ಮಾಡಿ ಓಡಿಬರುತ್ತಿದ್ದ ಒಬ್ಬ, ನಾಯಕ ಜಾರ್ಜ್‌ಕುಟ್ಟಿ ಆ ಠಾಣೆಯ ಕಟ್ಟಡದಿಂದ ಹೊರಬರುವುದನ್ನು ಕಂಡಿದ್ದ ಎನ್ನುತ್ತದೆ. ಮೊದಲ ಚಿತ್ರದ ಯಾವ ದೃಶ್ಯವೂ ಸುಳ್ಳಾಗಲಿಲ್ಲ. ಅದರ ಚೌಕಟ್ಟಿನ ಆಚೆ, ಕ್ಯಾಮೆರಾ ನೋಡದ ಕಡೆ ಒಬ್ಬ ಮನುಷ್ಯ ಇದ್ದ, ಅಷ್ಟೇ. ಆರು ವರ್ಷ ಕಳೆದಿವೆ, ಮನೆಯವರು ಭಯ ಮರೆತಿಲ್ಲ, ಊರಿನವರ ಅನುಕಂಪ ಪಿಸುಮಾತಾಗಿದೆ. ಮೊದಲ ಭಾಗದ ಗೆಲುವಿಗೆ ಆ ಮನೆ ತೆತ್ತ ಬೆಲೆಯೇ ಎರಡನೇ ಭಾಗದ ಕಥೆ.

ಒಂದೇ ಕಥೆಯನ್ನು ಎರಡಾಗಿ ಸೀಳಿದ ಚಿತ್ರಗಳನ್ನು ಈ ಸಾಲಿಗೆ ಸೇರಿಸಬಾರದು, ಅವುಗಳ ಲೆಕ್ಕ ಬೇರೆ. ಅಲ್ಲಿ ಕೇಳಬೇಕಾದದ್ದು ಮೊದಲ ತುಂಡು ಏನನ್ನಾದರೂ ಮುಗಿಸಿತೇ ಎಂದು. 2018ರ ‘ಕೆಜಿಎಫ್’ ಗರುಡನ ಸಾವಿನಲ್ಲಿ ನಿಲ್ಲುತ್ತದೆ, ರಾಕಿ ಗಣಿಯೊಳಗೆ ಹೋದ ಕೆಲಸ ಆಗಿದೆ. ‘ಬಾಹುಬಲಿ’ ಕಟ್ಟಪ್ಪನ ಪ್ರಶ್ನೆಯನ್ನು ಎರಡು ವರ್ಷ ತೂಗುಬಿಟ್ಟಿತು ಎಂದು ಎಲ್ಲರೂ ನೆನೆಯುತ್ತಾರೆ, ಆದರೆ ಆ ಪ್ರಶ್ನೆ ಬರುವುದು ಕಾಲಕೇಯರ ಯುದ್ಧ ಪೂರ್ತಿ ಮುಗಿದಮೇಲೆ. ಪ್ರೇಕ್ಷಕನ ಹೊಟ್ಟೆ ತುಂಬಿಸಿ ಆಮೇಲೆ ಬಾಗಿಲು ಅರ್ಧ ತೆರೆದಿಟ್ಟರು. ಹೊಟ್ಟೆ ತುಂಬಿಸದೆ ‘ಮುಂದುವರಿಯುವುದು’ ಎಂದು ಬರೆಯುವ ಚಿತ್ರಗಳು ಅರ್ಥ ಮಾಡಿಕೊಳ್ಳದೇ ಇರುವುದು ಇದನ್ನೇ.

ಈಗ ಜಾತಿಯ ಚಿತ್ರಗಳು, ಅಂದರೆ ಭಯ, ಪತ್ತೇದಾರಿ, ವೈಜ್ಞಾನಿಕ ಕಲ್ಪನೆ ಇತ್ಯಾದಿ. ಇಲ್ಲಿ ಪ್ರೇಕ್ಷಕನಿಗೆ ಗೊತ್ತಿರುವುದು ಕಥೆಯಲ್ಲ, ನಿಯಮ. ಭಯದ ಚಿತ್ರದಲ್ಲಿ ಮೊದಲು ಬೇಕಾದದ್ದು ಜಾಗದ ನಕ್ಷೆ. ಮೆಟ್ಟಿಲು ಎಲ್ಲಿದೆ, ಹೊರಬಾಗಿಲು ಎಷ್ಟು ದೂರ, ಯಾವ ಕೋಣೆಗೆ ಬೀಗ ಎಂದು ಮೊದಲ ಇಪ್ಪತ್ತು ನಿಮಿಷದಲ್ಲಿ, ಹಗಲು ಬೆಳಕಿನಲ್ಲಿ ತೋರಿಸಿರಬೇಕು. ಇಲ್ಲದಿದ್ದರೆ ರಾತ್ರಿ ಅವಳು ಓಡುವಾಗ ಎತ್ತ ಓಡುತ್ತಿದ್ದಾಳೆ ಎಂದೇ ತಿಳಿಯುವುದಿಲ್ಲ, ತಿಳಿಯದ ಕಡೆ ಭಯ ಹುಟ್ಟುವುದಿಲ್ಲ, ಗೊಂದಲ ಹುಟ್ಟುತ್ತದೆ. ದಿಢೀರ್ ಸದ್ದಿನಿಂದ ಬೆಚ್ಚಿಸುವುದು ಸುಲಭ, ಆದರೆ ನಾಲ್ಕನೇ ಸಲಕ್ಕೆ ಕಿವಿ ಮೊದಲೇ ಸಿದ್ಧವಾಗಿಬಿಡುತ್ತದೆ. ‘ಜಾಸ್’ ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಉಪ್ಪುನೀರಿಗೆ ಪದೇಪದೇ ಕೆಟ್ಟು ನಿಲ್ಲುತ್ತಿತ್ತು. ಅದನ್ನು ತೋರಿಸಲಾಗದೆ ಕಂಡುಕೊಂಡ ಉಪಾಯಗಳಲ್ಲಿ ಒಂದು ಹಳದಿ ಪೀಪಾಯಿ. ಈಟಿಗೆ ಕಟ್ಟಿದ ಪೀಪಾಯಿ ನೀರಿನ ಮೇಲೆ ಓಡಿದರೆ ಕೆಳಗೆ ಶಾರ್ಕ್ ಇದೆ, ಅದು ಮುಳುಗಿದರೆ ಶಾರ್ಕ್ ಆಳಕ್ಕೆ ಹೋಗಿದೆ. ಒಂದೇ ಸಲ ಹೇಳಿಕೊಟ್ಟ ನಿಯಮ. ಆಮೇಲೆ ಬರೀ ಪೀಪಾಯಿ ತೋರಿಸಿದರೂ ಮೈ ಜುಂ ಅನ್ನುತ್ತದೆ.

ವೈಜ್ಞಾನಿಕ ಕಲ್ಪನೆಗೆ ಒಂದು ದೊಡ್ಡ ಸುಳ್ಳನ್ನು ಪ್ರೇಕ್ಷಕ ತಕರಾರಿಲ್ಲದೆ ಒಪ್ಪುತ್ತಾನೆ. ಎರಡನೆಯದಕ್ಕೆ ಕಾರಣ ಕೇಳುತ್ತಾನೆ.

ಪತ್ತೇದಾರಿ ಚಿತ್ರ ಕೆಡುವುದು ಸಾಮಾನ್ಯವಾಗಿ ಕೊನೆಯ ಇಪ್ಪತ್ತು ನಿಮಿಷದಲ್ಲಿ, ಆದರೆ ತಪ್ಪು ಇರುವುದು ಮೊದಲ ಮೂವತ್ತರಲ್ಲಿ. ಅಪರಾಧಿಯನ್ನು ಅಷ್ಟರೊಳಗೆ ನಮಗೆ ಪರಿಚಯಿಸಿರಬೇಕು, ಅವನಿಗೆ ಅಪರಾಧಕ್ಕೆ ಸಂಬಂಧವಿಲ್ಲದ ಒಂದು ಕೆಲಸ ಕೊಟ್ಟಿರಬೇಕು. ಕೆಲಸವಿಲ್ಲದೆ ಸುಮ್ಮನೆ ಓಡಾಡುವ ಒಬ್ಬ ಒಳ್ಳೆಯ ನಟ ಕಂಡರೆ ಅವನೇ ಕೊಲೆಗಾರ ಎಂದು ಈಗ ಮಕ್ಕಳೂ ಹೇಳುತ್ತಾರೆ. ಸುಳಿವನ್ನು ತೋರಿಸುವಾಗ ನೋಡುವವನ ಗಮನ ಬೇರೆ ಕಡೆ ಇರಬೇಕು, ಆದರೆ ಸುಳಿವು ಚೌಕಟ್ಟಿನೊಳಗೇ ಇರಬೇಕು. ಚಿತ್ರವನ್ನು ಎರಡನೇ ಸಲ ನೋಡಿದಾಗ ಪಾತ್ರಗಳು ಸುಳ್ಳು ಹೇಳಿದ್ದರೆ ತಪ್ಪಿಲ್ಲ, ಕ್ಯಾಮೆರಾ ಸುಳ್ಳು ಹೇಳಿದ್ದರೆ ಅದು ಮೋಸ.

ಗಮನವನ್ನು ಬೇರೆ ಕಡೆ ಕಟ್ಟಿಹಾಕುವುದು ಹೇಗೆ ಎಂದು ನೋಡಲು ‘ಸೈಕೊ’ಗಿಂತ ಒಳ್ಳೆಯ ಪಠ್ಯವಿಲ್ಲ. 1960ರ ಹಿಚ್‌ಕಾಕ್ ಚಿತ್ರದಲ್ಲಿ ಮರಿಯನ್ 40,000 ಡಾಲರ್ ಕದ್ದು ಓಡುತ್ತಾಳೆ. ಕವರಿನಲ್ಲಿ ಒಂದಿಷ್ಟು ನೋಟು, ಅಷ್ಟೇ, ಆದರೆ ಕ್ಯಾಮೆರಾ ಅದನ್ನು ಬಿಡುವುದೇ ಇಲ್ಲ. ಹಾಸಿಗೆಯ ಮೇಲೆ, ಕೈಚೀಲದಲ್ಲಿ, ಕೊನೆಗೆ ಮೋಟೆಲಿನ ಕೋಣೆಯಲ್ಲಿ ಪತ್ರಿಕೆಯೊಳಗೆ ಸುತ್ತಿಟ್ಟಂತೆ. ಇದು ಹಣದ ಕಥೆ ಎಂದು ನಾವು ಒಪ್ಪಿಬಿಟ್ಟಿರುತ್ತೇವೆ. ಸುಮಾರು ಮುಕ್ಕಾಲು ಗಂಟೆಯ ಹೊತ್ತಿಗೆ, ಭಿತ್ತಿಪತ್ರದಲ್ಲಿ ಹೆಸರಿದ್ದ ತಾರೆಯೇ ಸ್ನಾನದ ಕೋಣೆಯಲ್ಲಿ ಸಾಯುತ್ತಾಳೆ. ಚಿತ್ರ ಶುರುವಾದಮೇಲೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಹೇಳಿದ್ದು ಇದಕ್ಕೇ. ತಡವಾಗಿ ಬಂದವರು ಆಕೆ ಯಾವಾಗ ಬರುತ್ತಾಳೆಂದು ಕಾಯುತ್ತ ಕೂರುತ್ತಿದ್ದರು. 1998ರಲ್ಲಿ ಗಸ್ ವ್ಯಾನ್ ಸಾಂಟ್ ಅದನ್ನೇ ಬಣ್ಣದಲ್ಲಿ, ಹೆಚ್ಚುಕಮ್ಮಿ ಶಾಟಿಗೆ ಶಾಟು ಹೊಂದುವಂತೆ ಮತ್ತೆ ತೆಗೆದರು. ಹಣ 4,00,000 ಡಾಲರ್ ಆಯಿತು. ಚೌಕಟ್ಟುಗಳು ಅವೇ, ಸಂಗೀತ ಅದೇ. ಎರಡನ್ನೂ ಒಂದೇ ವಾರದಲ್ಲಿ ನೋಡಿ, ಪತ್ರಿಕೆಯ ಆ ಕಟ್ಟು ತೆರೆಯ ಮೇಲೆ ಬಂದಾಗಲೆಲ್ಲ ನಿಮ್ಮ ಕಣ್ಣು ಎಲ್ಲಿದೆ ಎಂದು ಗಮನಿಸಿ. ಸ್ನಾನದ ಕೋಣೆಯಲ್ಲಿ ಏನಾಗಲಿದೆ ಎಂದು ತಿಳಿದು ಬಂದವನು ಆ ಕಟ್ಟನ್ನು ನೋಡುವುದೇ ಇಲ್ಲ.